ಕಿತ್ತೂರು ಚೆನ್ನಮ್ಮನ ಮನೆತನ: ವಂಶಾವಳಿಯಲ್ಲಿ ಹೆಣ್ಣಿನ ಹೆಸರು ಬರುವ ಬಗೆ

ಉತ್ತರ ಕರ್ನಾಟಕದ ದೇಸಗತಿ ಮನೆತನಗಳ ಇತಿಹಾಸವನ್ನು ಅಭ್ಯಸಿಸುವವರಿಗೆ ವಂಶಾವಳಿ ಒಂದು ಪ್ರಮುಖ ಆಕರ. ಯಾರ ನಂತರ ಯಾರು ಆಳಿದರು, ಯಾರ ಮಗ ಯಾರು ಎಂಬುದನ್ನು ತಿಳಿಯಲು ಸಂಶೋಧಕರು ಅದನ್ನು ಬಳಸುತ್ತ ಬಂದಿದ್ದಾರೆ. ಆದರೆ ವಂಶಾವಳಿ ನೆನಪಿಗಾಗಿ ಬರೆದಿಟ್ಟ ಪಟ್ಟಿಯಲ್ಲ. ಅದು ಹಕ್ಕಿನ ಕಾಗದ. ದೇಸಗತಿ, ಇನಾಮು, ವತನು ಇವು ತಮ್ಮ ಮನೆತನಕ್ಕೆ ಸೇರಿದವು ಎಂದು ಅಧಿಕಾರಿಯ ಮುಂದೆ ತೋರಿಸಬೇಕಾದಾಗ ಅದು ಸಿದ್ಧವಾಗುತ್ತಿತ್ತು. ೧೮೫೨ರ ಇನಾಮು ಕಮಿಷನ್ ಕಾಯಿದೆಯ ತರುವಾಯ ದಕ್ಷಿಣ ಮರಾಠಾ ಪ್ರಾಂತದ ಇನಾಮುದಾರರು ತಮ್ಮ ಹಿರಿಯರ ಹೆಸರುಗಳನ್ನು ಕ್ರಮವಾಗಿ ಬರೆದು ಸಾಬೀತು ಮಾಡಬೇಕಾಯಿತು. ಹೀಗಾಗಿ ಹಕ್ಕು ಯಾರ ಮೂಲಕ ಹರಿಯುತ್ತದೆಯೋ ಅವರ ಹೆಸರು ವಂಶಾವಳಿಯಲ್ಲಿ ನಿಲ್ಲುತ್ತದೆ. ಹರಿಯದವರ ಹೆಸರು ಬಿದ್ದುಹೋಗುತ್ತದೆ. ಬಿದ್ದುಹೋದ ಹೆಸರುಗಳಲ್ಲಿ ಹೆಣ್ಣುಮಕ್ಕಳವೇ ಹೆಚ್ಚು.

ಈ ಹಿನ್ನೆಲೆಯಲ್ಲಿ ಕಿತ್ತೂರಿನ ರಾಣಿ ಚೆನ್ನಮ್ಮನ ಮನೆತನವನ್ನು ಪರಿಶೀಲಿಸುವುದು ಪ್ರಸ್ತುತ ಲೇಖನದ ಉದ್ದೇಶ. ಆಕೆಯ ಶೌರ್ಯವನ್ನು ಕುರಿತು ಸಾಕಷ್ಟು ಬರೆಹಗಳು ಬಂದಿವೆ. ಆಕೆ ಯಾವ ಮನೆಯವಳು, ಯಾರ ತಾಯಿ, ಯಾವ ಸಂಬಂಧದ ಬಲದಿಂದ ಸಂಸ್ಥಾನದ ಪರವಾಗಿ ಮಾತನಾಡಿದಳು ಎಂಬ ಪ್ರಶ್ನೆಗಳಿಗೆ ಸಿಕ್ಕ ಗಮನ ಕಡಿಮೆ. ೧೮೨೪ರ ಕಿತ್ತೂರು ಯುದ್ಧ ಮೂಲತಃ ವಂಶಾವಳಿಯನ್ನು ಕುರಿತ ಜಗಳವೇ ಆಗಿದ್ದುದರಿಂದ ಈ ಪ್ರಶ್ನೆಗಳು ಮುಖ್ಯವಾಗುತ್ತವೆ.

ಧಾರವಾಡದಿಂದ ಬೆಳಗಾವಿಗೆ ಹೋಗುವ ಹೆದ್ದಾರಿಯ ಮಗ್ಗುಲಲ್ಲಿರುವ ಕಿತ್ತೂರು ಈ ಮನೆತನದ ಮೊದಲ ನೆಲೆಯಲ್ಲ. ಹಿರೇಮಲ್ಲಶೆಟ್ಟಿ, ಚಿಕ್ಕಮಲ್ಲಶೆಟ್ಟಿ ಎಂಬ ಲಿಂಗಾಯತ ಸಹೋದರರು ೧೬ನೆಯ ಶತಮಾನದ ಕೊನೆಯ ಭಾಗದಲ್ಲಿ ಸಾಗರದ ಕಡೆಯಿಂದ ವಿಜಾಪುರದ ಆದಿಲಶಾಹಿ ಸೈನ್ಯದೊಡನೆ ಈ ಭಾಗಕ್ಕೆ ಬಂದರೆಂದೂ, ಹಿರಿಯನ ಸೇವೆಗೆ ಮೆಚ್ಚಿ ಹುಬ್ಬಳ್ಳಿ ಪ್ರಾಂತದ ಸರದೇಶಮುಖಿ ದೊರೆಯಿತೆಂದೂ ಮನೆತನದ ಚರಿತ್ರೆ ಹೇಳುತ್ತದೆ. ಆರಂಭದ ನೆಲೆ ಸಂಪಗಾವಿ. ೧೭ನೆಯ ಶತಮಾನದ ಉತ್ತರಾರ್ಧದಲ್ಲಿ ಆಳಿದ ಅಲ್ಲಪ್ಪಗೌಡ ಸರದೇಸಾಯಿ ರಾಜಧಾನಿಯನ್ನು ಕಿತ್ತೂರಿಗೆ ತಂದನು.

ಈ ಮನೆತನದ ಗಂಡಸರ ಹೆಸರುಗಳನ್ನು ಸಾಲಾಗಿ ಓದಿದರೆ ಅದರ ಏಳಿಗೆಯ ಕಥೆ ತಾನಾಗಿಯೇ ತೆರೆದುಕೊಳ್ಳುತ್ತದೆ. ಮೂಲಪುರುಷರು ಶೆಟ್ಟಿಗಳು, ಎಂದರೆ ವ್ಯಾಪಾರದ ಹಿನ್ನೆಲೆಯವರು. ಅನಂತರದವರು ಗೌಡರು, ದೇಸಾಯಿಗಳು. ೧೮ನೆಯ ಶತಮಾನದಲ್ಲಿ ಹೆಸರಿನ ತುದಿಗೆ ‘ಸರ್ಜ’ ಎಂಬ ರಾಜಬಿರುದು ಸೇರಿತು: ರುದ್ರಸರ್ಜ, ಮಲ್ಲಸರ್ಜ, ಶಿವಲಿಂಗರುದ್ರಸರ್ಜ. ಇವರ ನಡುವೆ ಮಾಳವರುದ್ರಗೌಡನಿಗೆ ‘ಫಕೀರ ರುದ್ರಸರ್ಜ’ ಎಂಬ ಹೆಸರಿದ್ದುದು ಈ ನೆಲದ ಧಾರ್ಮಿಕ ಒಡನಾಟವನ್ನು ಬಲ್ಲವರಿಗೆ ಆಶ್ಚರ್ಯ ತರಿಸಲಾರದು. ಅಂಗಡಿಯಿಂದ ಗೌಡಕಿಗೆ, ಗೌಡಕಿಯಿಂದ ಗದ್ದುಗೆಗೆ ಸಾಗಿದ ಎರಡು ಶತಮಾನಗಳ ಹಾದಿ ಈ ಪ್ರತ್ಯಯಗಳಲ್ಲಿಯೇ ಅಡಗಿದೆ. ಹೆಣ್ಣುಮಕ್ಕಳ ಹೆಸರಿನಲ್ಲಿ ಇಂಥ ಬದಲಾವಣೆ ಇಲ್ಲ. ರುದ್ರವ್ವ, ಚೆನ್ನವ್ವ, ವೀರವ್ವ ಎಂಬಂಥ ಹೆಸರುಗಳು ಒಕ್ಕಲಿಗನ ಮನೆಯಲ್ಲಿಯೂ ಅರಮನೆಯಲ್ಲಿಯೂ ಒಂದೇ. ಇಂದು ರೂಢಿಯಲ್ಲಿರುವ ‘ಚೆನ್ನಮ್ಮ’ ಎಂಬ ರೂಪಕ್ಕಿಂತ ‘ಚೆನ್ನವ್ವ’ ಎಂಬುದೇ ಆ ಭಾಗದ ಬಾಯಿಮಾತಿಗೆ ಹತ್ತಿರವಾದುದು.

ಚೆನ್ನಮ್ಮನ ತವರು ಬೆಳಗಾವಿಯ ಉತ್ತರಕ್ಕೆ ಕೂಗಳತೆಯಲ್ಲಿರುವ ಕಾಕತಿ. ಆಕೆ ೧೭೭೮ರಲ್ಲಿ ಅಲ್ಲಿಯ ದೇಸಾಯಿ ಧೂಳಪ್ಪಗೌಡನ ಮಗಳಾಗಿ ಹುಟ್ಟಿದಳೆಂದು ಚರಿತ್ರಕಾರರು ಒಪ್ಪಿದ್ದಾರೆ. ಕುದುರೆ ಸವಾರಿ, ಕತ್ತಿವರಸೆ, ಬಿಲ್ಲುವಿದ್ಯೆಗಳನ್ನು ಚಿಕ್ಕಂದಿನಲ್ಲಿಯೇ ಕಲಿತಳೆಂಬ ಮಾತು ಜನಪ್ರಿಯ ಚರಿತ್ರೆಗಳಲ್ಲೆಲ್ಲ ಬರುತ್ತದೆ. ಕಾಕತಿಯ ಮನೆ ಕಿತ್ತೂರಿನಷ್ಟು ದೊಡ್ಡದಲ್ಲದಿದ್ದರೂ ದೇಸಗತಿಯ ಮನೆಯೇ ಆಗಿತ್ತು ಎಂಬುದನ್ನು ಮರೆಯಬಾರದು. ಕಾಗದಪತ್ರ, ಲೆಕ್ಕ, ಸನದು, ವಸೂಲಿ ಇವು ಮನೆಯೊಳಗೇ ಕೇಳಿಬರುವ ಮಾತುಗಳಾಗಿದ್ದ ಪರಿಸರದಲ್ಲಿ ಬೆಳೆದ ಹುಡುಗಿ ಆಕೆ. ಮುಂದೆ ದತ್ತಕದ ವಿವಾದದಲ್ಲಿ ಆಕೆ ತೋರಿದ ದೃಢತೆಯನ್ನು ಬರೀ ಸ್ವಭಾವದಿಂದ ವಿವರಿಸುವುದಕ್ಕಿಂತ ಈ ಪರಿಸರದಿಂದ ವಿವರಿಸುವುದು ಹೆಚ್ಚು ಸಮಂಜಸ.

ಆಕೆಯ ಗಂಡ ಮಲ್ಲಸರ್ಜ ೧೭೮೨ರಿಂದ ೧೮೧೬ರವರೆಗೆ ಕಿತ್ತೂರನ್ನು ಆಳಿದವನು. ಟೀಪೂವಿನ ಸೆರೆಯನ್ನು ಕಂಡವನು. ೧೮೦೯ರಲ್ಲಿ ಪೇಶವೆಗೆ ವರ್ಷಕ್ಕೆ ೧,೭೫,೦೦೦ ರೂಪಾಯಿ ಕಪ್ಪ ಕೊಡಲು ಒಪ್ಪಿದವನು. ಕೊನೆಗೆ ಪುಣೆಯಲ್ಲಿ ಎರಡನೆಯ ಬಾಜೀರಾಯನ ಬಂಧನದಲ್ಲಿದ್ದು, ರೋಗಿಯಾಗಿ ಬಿಡುಗಡೆ ಹೊಂದಿ ತೀರಿಕೊಂಡವನು. ಅವನ ಹಿರಿಯ ರಾಣಿ ತಲ್ಲೂರು ದೇಸಾಯರ ಮಗಳು ರುದ್ರಮ್ಮ. ಚೆನ್ನಮ್ಮ ಕಿರಿಯ ರಾಣಿ. ಹೀಗೆ ಕಿತ್ತೂರಿನ ಅರಮನೆಯಲ್ಲಿ ತಲ್ಲೂರು ಮತ್ತು ಕಾಕತಿ ಎಂಬ ಎರಡು ಬೀಗರ ಮನೆಗಳು ಬಂದು ಸೇರಿದ್ದವು. ದೇಸಾಯರ ನಡುವಿನ ಸೋಯರಿಕೆ ನೆರೆಹೊರೆಯ ಸಂಸ್ಥಾನಗಳ ನಡುವಿನ ಒಪ್ಪಂದವೂ ಆಗಿರುತ್ತಿದ್ದುದರಿಂದ, ಒಂದು ಸಂಸ್ಥಾನದ ಬಲವನ್ನು ಅಳೆಯಬೇಕಾದರೆ ಅದರ ರಾಣಿಯರ ತವರುಗಳನ್ನೂ ನಕ್ಷೆಯ ಮೇಲೆ ಗುರುತಿಸಬೇಕಾಗುತ್ತದೆ. ಮನೆತನದ ವೃಕ್ಷವನ್ನು ಗಂಡಸರ ಹೆಸರುಗಳಿಂದ ಮಾತ್ರ ಬರೆದರೆ ಈ ನಕ್ಷೆ ಕಣ್ಮರೆಯಾಗುತ್ತದೆ.

ಇಲ್ಲಿ ಜನಪ್ರಿಯ ಬರೆಹಗಳಲ್ಲಿ ಮತ್ತೆ ಮತ್ತೆ ಕಾಣಿಸಿಕೊಳ್ಳುವ ಒಂದು ಗೊಂದಲವನ್ನು ಬಿಡಿಸಬೇಕು. ‘ಚೆನ್ನಮ್ಮನ ಗಂಡ ೧೮೧೬ರಲ್ಲಿ, ಒಬ್ಬನೇ ಮಗ ೧೮೨೪ರಲ್ಲಿ ತೀರಿಕೊಂಡರು’ ಎಂಬ ಅರ್ಥದ ವಾಕ್ಯವನ್ನು ಅನೇಕ ಕಡೆ ಓದಬಹುದು. ೧೮೨೪ರಲ್ಲಿ ತೀರಿಕೊಂಡವನು ಬಾಪುಸಾಹೇಬನೆಂದು ಹೆಸರಾದ ಶಿವಲಿಂಗರುದ್ರಸರ್ಜ. ಅವನು ಹಿರಿಯ ರಾಣಿ ರುದ್ರಮ್ಮನ ಹೊಟ್ಟೆಯ ಮಗ, ಚೆನ್ನಮ್ಮನಿಗೆ ಮಲಮಗ. ಚೆನ್ನಮ್ಮನ ಸ್ವಂತ ಮಗ ಎಳೆಯ ವಯಸ್ಸಿನಲ್ಲಿಯೇ ತೀರಿಕೊಂಡಿದ್ದನು. ಎರಡು ಸಾವುಗಳನ್ನು ಒಂದಾಗಿಸಿದ ಈ ತಪ್ಪು ಚಿಕ್ಕದೆಂದು ತೋರಬಹುದು. ಆದರೆ ಅದರಿಂದ ಚೆನ್ನಮ್ಮನ ನಡೆಯ ಅರ್ಥವೇ ಬದಲಾಗುತ್ತದೆ. ಹೆತ್ತ ಮಗನ ಹಕ್ಕಿಗಾಗಿ ತಾಯಿ ಹೋರಾಡಿದಳೆಂದರೆ ಅದು ಕರುಳಿನ ಕಥೆ. ಸವತಿಯ ಮಗನು ಪಡೆದ ದತ್ತಕಪುತ್ರನ ಹಕ್ಕಿಗಾಗಿ, ಎಂದರೆ ರಕ್ತದಿಂದ ತನಗೆ ಏನೂ ಆಗಬೇಕಿಲ್ಲದ ಹುಡುಗನ ಹಕ್ಕಿಗಾಗಿ ಹೋರಾಡಿದಳೆಂದರೆ ಅದು ಮನೆತನವೆಂಬ ಸಂಸ್ಥೆಯ ಕಥೆ. ದಾಖಲೆಗಳು ಹೇಳುವುದು ಎರಡನೆಯದನ್ನು.

ಶಿವಲಿಂಗರುದ್ರಸರ್ಜ ೧೮೧೮ರಲ್ಲಿ ಇಂಗ್ಲಿಷರು ಬೆಳಗಾವಿಯ ಕೋಟೆಯನ್ನು ಮುತ್ತಿದಾಗ ಅವರಿಗೆ ನೆರವಾದವನು. ಪೇಶವೆಯ ಆಳಿಕೆ ಮುಗಿದ ಮೇಲೆ ಥಾಮಸ್ ಮನ್ರೋ ಅವನನ್ನು ಸಂಸ್ಥಾನದಲ್ಲಿ ಮುಂದುವರಿಸಿದನು. ಆರೇ ವರ್ಷಗಳಲ್ಲಿ ಸಂದರ್ಭ ತಿರುಗಿತು. ಮಕ್ಕಳಿಲ್ಲದ ಶಿವಲಿಂಗರುದ್ರಸರ್ಜ ಕಾಯಿಲೆ ಬಿದ್ದು ೧೮೨೪ರ ಸೆಪ್ಟೆಂಬರ್ ೧೧ರಂದು ತೀರಿಕೊಂಡನು. ತಾನು ಮಾಸ್ತಮರಡಿ ಗೌಡರ ಮನೆಯ ಹುಡುಗ ಶಿವಲಿಂಗಪ್ಪನನ್ನು ದತ್ತಕ ತೆಗೆದುಕೊಂಡಿರುವುದಾಗಿ ತಿಳಿಸುವ ಅವನ ಪತ್ರ ಧಾರವಾಡದ ಕಲೆಕ್ಟರನೂ ರಾಜಕೀಯ ಪ್ರತಿನಿಧಿಯೂ ಆಗಿದ್ದ ಸೇಂಟ್ ಜಾನ್ ಥ್ಯಾಕರೆಯ ಕೈ ಸೇರಿತು. ಪತ್ರದ ಮೇಲೆ ಇದ್ದ ದಿನಾಂಕ ಜುಲೈ ೧೦. ಅದು ತಲುಪಿದ್ದು ಸಾವಿನ ಮರುದಿನ. ಥ್ಯಾಕರೆ ಸಹಿಯನ್ನು ಸಂಶಯಿಸಿದನು, ದತ್ತಕವನ್ನು ಒಪ್ಪಲಿಲ್ಲ, ಕಿತ್ತೂರಿನ ಖಜಾನೆಗೆ ಮೊಹರು ಹಾಕಿಸಿದನು. ಪುಣೆಯಲ್ಲಿದ್ದ ಕಮಿಷನರ್ ಚಾಪ್ಲಿನ್ ಅವನ ಪಕ್ಷವನ್ನು ಹಿಡಿದನು.

ಈ ಪತ್ರದ ಪ್ರಶ್ನೆಯನ್ನು ಇದುವರೆಗೆ ಹೆಚ್ಚಾಗಿ ‘ಸಹಿ ನಿಜವೇ, ಸುಳ್ಳೇ’ ಎಂಬ ದೃಷ್ಟಿಯಿಂದ ನೋಡಲಾಗಿದೆ. ದತ್ತಕಶಾಸ್ತ್ರದ ದೃಷ್ಟಿಯಿಂದ ನೋಡಿದರೆ ಬೇರೆಯೇ ಚಿತ್ರ ಮೂಡುತ್ತದೆ. ಗಂಡನ ಅನುಮತಿಯಿಲ್ಲದೆ ಹೆಣ್ಣು ಮಗನನ್ನು ಕೊಡಲೂ ಬಾರದು, ತೆಗೆದುಕೊಳ್ಳಲೂ ಬಾರದು ಎಂಬ ವಸಿಷ್ಠನ ವಿಧಿಯನ್ನು ಭಾರತದ ಬೇರೆ ಬೇರೆ ಭಾಗಗಳಲ್ಲಿ ಬೇರೆ ಬೇರೆಯಾಗಿ ಅರ್ಥೈಸಿದರು. ಮಿಥಿಲೆಯಲ್ಲಿ ವಿಧವೆಗೆ ದತ್ತಕದ ಅಧಿಕಾರವೇ ಇಲ್ಲ. ಬಂಗಾಳದಲ್ಲಿ ಗಂಡನು ಬದುಕಿದ್ದಾಗ ಅನುಮತಿ ಕೊಟ್ಟಿದ್ದರೆ ಆದೀತು. ದ್ರಾವಿಡ ಸಂಪ್ರದಾಯದಲ್ಲಿ ಸಪಿಂಡರ ಒಪ್ಪಿಗೆ ಗಂಡನ ಅನುಮತಿಯ ಜಾಗವನ್ನು ತುಂಬಬಲ್ಲದು. ನೀಲಕಂಠನ ವ್ಯವಹಾರಮಯೂಖವನ್ನು ಅನುಸರಿಸಿದ ಪಶ್ಚಿಮದ ಸಂಪ್ರದಾಯವಾದರೋ, ಆ ವಿಧಿ ಗಂಡನು ಜೀವಂತನಿರುವ ಹೆಂಡತಿಗೆ ಮಾತ್ರ ಅನ್ವಯಿಸುತ್ತದೆ, ವಿಧವೆಗಲ್ಲ ಎಂದಿತು. ಮುಂದೆ ಮುಂಬಯಿ ಪ್ರಾಂತದ ನ್ಯಾಯಾಲಯಗಳು ಎತ್ತಿಹಿಡಿದುದು ಇದೇ ಅರ್ಥವನ್ನು. ಈ ಸಂಪ್ರದಾಯದ ಪ್ರಕಾರ ಶಿವಲಿಂಗರುದ್ರಸರ್ಜನ ವಿಧವೆ ವೀರಮ್ಮ ಗಂಡನ ಸಾವಿನ ನಂತರ, ಅವನ ಪತ್ರವೇ ಇಲ್ಲದೆ, ದತ್ತಕ ತೆಗೆದುಕೊಳ್ಳಬಹುದಾಗಿತ್ತು. ಸಹಿ ಜುಲೈ ತಿಂಗಳದೋ ಸೆಪ್ಟೆಂಬರದೋ ಎಂಬುದು ಮನೆಯ ಉತ್ತರಾಧಿಕಾರದ ಮಟ್ಟಿಗೆ ನಿರ್ಣಾಯಕವಾಗಬೇಕಾಗಿರಲಿಲ್ಲ.

ಹಾಗಾದರೆ ಪತ್ರ ಏಕೆ ಬೇಕಾಯಿತು? ಮನೆಯ ಉತ್ತರಾಧಿಕಾರ ಒಂದು, ಸಂಸ್ಥಾನದ ಉತ್ತರಾಧಿಕಾರ ಇನ್ನೊಂದು. ಮೊದಲನೆಯದಕ್ಕೆ ಕುಲದ ಹಿರಿಯರು, ಮಠದ ಸ್ವಾಮಿಗಳು ಸಾಕ್ಷಿಯಾದರೆ ಸಾಕು; ಎರಡನೆಯದಕ್ಕೆ ಮೇಲಿನ ಪ್ರಭುವಿನ ಒಪ್ಪಿಗೆ ಬೇಕು. ಪೇಶವೆಯರ ಕಾಲದಲ್ಲಿಯೂ ದತ್ತಕಕ್ಕೆ ನಜರಾಣೆ ಕೊಟ್ಟು ಒಪ್ಪಿಗೆ ಪಡೆಯುವ ಪದ್ಧತಿ ಇತ್ತು. ಆದರೆ ಅಲ್ಲಿ ಅದು ನಜರಾಣೆಯ ಮೊತ್ತವನ್ನು ಕುರಿತ ಚೌಕಾಸಿಯಾಗಿರುತ್ತಿತ್ತೇ ಹೊರತು ಮನೆತನವನ್ನೇ ಮುಗಿಸುವ ಸಾಧನವಾಗಿರುವುದು ಅಪರೂಪ. ಕಂಪನಿ ಹಳೆಯ ಪದ್ಧತಿಯ ಹೊರರೂಪವನ್ನು ಉಳಿಸಿಕೊಂಡು ಅದರ ಪರಿಣಾಮವನ್ನು ಬದಲಿಸಿತು. ಡಾಲಹೌಸಿ ಸಾತಾರೆಯನ್ನು ವಶಪಡಿಸಿಕೊಂಡದ್ದು ೧೮೪೮ರಲ್ಲಿ. ‘ದತ್ತಕ ಅಸಮ್ಮತಿ’ಯ ನೀತಿ ಅವನ ಹೆಸರಿಗೆ ಅಂಟಿಕೊಂಡಿದ್ದರೂ ಧಾರವಾಡದ ಕಚೇರಿಯಲ್ಲಿ ಅದರ ಪ್ರಯೋಗ ೨೪ ವರ್ಷ ಮೊದಲೇ ನಡೆದಿತ್ತು.

ಇಂಥ ಸಂದರ್ಭದಲ್ಲಿಯೇ ವಂಶಾವಳಿಯಲ್ಲಿ ಹೆಣ್ಣಿನ ಹೆಸರು ಮೇಲೆದ್ದು ಬರುವುದು. ಗಂಡನಿಂದ ಮಗನಿಗೆ ಅಧಿಕಾರ ಸರಾಗವಾಗಿ ಸಾಗುವವರೆಗೆ ರಾಣಿಯರ ಹೆಸರು ಕೇಳಿಸುವುದಿಲ್ಲ. ಕಿತ್ತೂರಿನ ಹಿಂದಿನ ದೇಸಾಯರ ಹೆಂಡಂದಿರನ್ನು ಕುರಿತು ಚರಿತ್ರೆಗಳು ಮಾತನಾಡದಿರುವುದು ಇದಕ್ಕೆ ಸಾಕ್ಷಿ. ಎಳೆ ಕಡಿದ ಕಡೆ ಅದನ್ನು ಗಂಟುಹಾಕುವ ಕೆಲಸ ಹೆಣ್ಣಿನ ಪಾಲಿಗೆ ಬರುತ್ತದೆ. ೧೮೧೬ಕ್ಕಿಂತ ಹಿಂದೆ ಮಲ್ಲಸರ್ಜನ ಕಿರಿಯ ಹೆಂಡತಿ ಎಂದಷ್ಟೇ ಇದ್ದ ಚೆನ್ನಮ್ಮ, ೧೮೨೪ರ ಸೆಪ್ಟೆಂಬರಿನಿಂದ ಕಂಪನಿಯ ಪತ್ರವ್ಯವಹಾರದಲ್ಲಿ ಸಂಸ್ಥಾನದ ಯಜಮಾನಿಯಾಗಿ ಕಾಣಿಸಿಕೊಳ್ಳುತ್ತಾಳೆ. ಆಗ ಆಕೆಯ ವಯಸ್ಸು ನಲವತ್ತಾರರ ಆಸುಪಾಸು. ಹೆತ್ತ ಮಗನಿಲ್ಲ, ಗಂಡನಿಲ್ಲ, ಮಲಮಗನೂ ಇಲ್ಲ. ಇದ್ದವರು ಸೊಸೆಯಂದಿರು ಮತ್ತು ದತ್ತಕದ ಹುಡುಗ. ವಂಶಾವಳಿಯ ಭಾಷೆಯಲ್ಲಿ ಹೇಳುವುದಾದರೆ ಮನೆತನದ ಆ ತಲೆಮಾರಿನಲ್ಲಿ ಉಳಿದಿದ್ದ ಹಿರಿತನ ಆಕೆಯದೊಂದೇ.

ಮುಂದಿನದು ಎಲ್ಲರಿಗೂ ತಿಳಿದ ಸಂಗತಿ. ೧೮೨೪ರ ಅಕ್ಟೋಬರ್ ೨೩ರಂದು ಕೋಟೆಯ ಮುಂದೆ ನಡೆದ ಕಾಳಗದಲ್ಲಿ ಥ್ಯಾಕರೆ ಹತನಾದನು. ಕುದುರೆ ತೋಪಖಾನೆಯ ಬ್ಲ್ಯಾಕ್, ಸಿವೆಲ್, ಡೈಟನ್ ಎಂಬ ಅಧಿಕಾರಿಗಳೂ ಸತ್ತರು. ಥ್ಯಾಕರೆಯ ಸಹಾಯಕರಾದ ಸ್ಟೀವನ್‌ಸನ್ ಮತ್ತು ವಾಲ್ಟರ್ ಎಲಿಯಟ್ ಸೆರೆಸಿಕ್ಕರು. ಡಿಸೆಂಬರ್ ಮೊದಲ ವಾರದಲ್ಲಿ ದೊಡ್ಡ ಸೈನ್ಯ ಬಂದು ಡಿಸೆಂಬರ್ ೫ರಂದು ಕಿತ್ತೂರು ಬಿದ್ದಿತು.

ಎದುರು ಪಕ್ಷದವರ ಮನೆತನವನ್ನೂ ಒಮ್ಮೆ ನೋಡುವುದು ತಪ್ಪಾಗದು. ಸೇಂಟ್ ಜಾನ್ ಥ್ಯಾಕರೆಯ ತಂದೆ ಬಂಗಾಳದಲ್ಲಿ ಕಂಪನಿಯ ನೌಕರನಾಗಿದ್ದನು. ಅಣ್ಣತಮ್ಮಂದಿರು ಕಂಪನಿಯ ಸೇವೆಯಲ್ಲಿದ್ದರು. ಅವರಲ್ಲೊಬ್ಬನಾದ ರಿಚ್‌ಮಂಡನ ಮಗನೇ ಇಂಗ್ಲಿಷ್ ಕಾದಂಬರಿಕಾರ ವಿಲಿಯಂ ಮೇಕ್‌ಪೀಸ್ ಥ್ಯಾಕರೆ. ಡಿಸೆಂಬರಿನ ಕಾಳಗದಲ್ಲಿ ಗಾಯಗೊಂಡು ಸತ್ತ ಸೋಲಾಪುರದ ಸಬ್‌ಕಲೆಕ್ಟರ್ ಮನ್ರೋ, ಸರ್ ಥಾಮಸ್ ಮನ್ರೋನ ಅಣ್ಣತಮ್ಮಂದಿರ ಪೈಕಿಯ ಹುಡುಗ. ಕಂಪನಿಯ ಹುದ್ದೆಗಳು ತಂದೆಯಿಂದ ಮಗನಿಗೆ, ಮಾವನಿಂದ ಅಳಿಯನಿಗೆ, ಚಿಕ್ಕಪ್ಪನಿಂದ ಅಣ್ಣನ ಮಗನಿಗೆ ಶಿಫಾರಸಿನ ಮೂಲಕ ಸಾಗುತ್ತಿದ್ದ ಕಾಲವದು. ಅದೂ ಒಂದು ಬಗೆಯ ವತನುದಾರಿಕೆಯೇ. ಅದಕ್ಕೆ ಮಾತ್ರ ಯಾರ ಒಪ್ಪಿಗೆಯೂ ಬೇಕಾಗಿರಲಿಲ್ಲ.

ಸೆರೆಸಿಕ್ಕ ಎಲಿಯಟ್‌ನ ವಿಷಯ ಕನ್ನಡ ಸಂಶೋಧಕರಿಗೆ ಇನ್ನೂ ಹೆಚ್ಚು ಪ್ರಸ್ತುತ. ಸುಮಾರು ನಲವತ್ತು ದಿನ ಕಿತ್ತೂರಿನಲ್ಲಿ ಒತ್ತೆಯಾಗಿದ್ದು ಜೀವಸಹಿತ ಹಿಂದಿರುಗಿದ ಇಪ್ಪತ್ತೊಂದರ ಆ ತರುಣ, ಮುಂದೆ ಧಾರವಾಡ ಭಾಗದಲ್ಲಿ ಸುತ್ತಾಡಿ ಐನೂರಕ್ಕೂ ಹೆಚ್ಚು ಶಾಸನಗಳ ಪ್ರತಿ ಮಾಡಿಸಿದನು; ೧೮೩೦ರ ದಶಕದಲ್ಲಿ ರಾಯಲ್ ಏಷಿಯಾಟಿಕ್ ಸೊಸೈಟಿಯ ಪತ್ರಿಕೆಯಲ್ಲಿ ಅವುಗಳ ಆಧಾರದಿಂದ ಚಾಲುಕ್ಯರೇ ಮೊದಲಾದ ಅರಸರ ವಂಶಾನುಕ್ರಮವನ್ನು ರಚಿಸಿದನು. ಒಂದು ದೇಸಗತಿಯ ವಂಶಾವಳಿಯನ್ನು ಕುರಿತ ಜಗಳದಲ್ಲಿ ಸಿಕ್ಕಿಬಿದ್ದವನೇ ಕನ್ನಡ ನಾಡಿನ ಪ್ರಾಚೀನ ರಾಜವಂಶಗಳ ವಂಶಾವಳಿಗೆ ಅಡಿಗಲ್ಲು ಹಾಕಿದ್ದು ಚರಿತ್ರೆಯ ಕೌತುಕಗಳಲ್ಲೊಂದು.

ಎಲಿಯಟ್ ಬೆನ್ನುಹತ್ತಿದ ಆ ಶಾಸನಗಳ ಲೋಕದಲ್ಲಿ ಹೆಣ್ಣಿನ ಹೆಸರು ಇಷ್ಟು ವಿರಳವಲ್ಲ ಎಂಬುದನ್ನು ಇಲ್ಲಿ ಹೋಲಿಕೆಗಾಗಿ ಗಮನಿಸಬೇಕು. ಕಲ್ಯಾಣ ಚಾಲುಕ್ಯರ ಅಕ್ಕಾದೇವಿ ಕಿಸುಕಾಡು ನಾಡನ್ನು ಆಳಿದವಳು, ೧೦೪೭ರಲ್ಲಿ ಗೋಕಾಗೆಯ, ಎಂದರೆ ಇಂದಿನ ಗೋಕಾಕದ, ಕೋಟೆಯನ್ನು ಮುತ್ತಿದವಳು. ಆಕೆ ದಶವರ್ಮನ ಮಗಳು, ಜಯಸಿಂಹನ ಸಹೋದರಿ ಎಂಬುದು ಕಲ್ಲಿನ ಮೇಲಿನ ಬರೆಹದಿಂದಲೇ ತಿಳಿಯುತ್ತದೆ. ಎಂಟುನೂರು ವರ್ಷ ಹಿಂದಿನ ಆ ಹೆಣ್ಣಿನ ತವರು ನಮಗೆ ಸ್ಪಷ್ಟ. ಅದೇ ಸೀಮೆಯ ಚೆನ್ನಮ್ಮನ ತವರನ್ನು ತಿಳಿಯಲು ಜನರ ನೆನಪನ್ನು ಬಹುಪಾಲು ನಂಬಬೇಕಾಗುತ್ತದೆ. ಇದನ್ನು ಕಾಲದ ಏರಿಳಿತವೆಂದು ಹೇಳಿ ಮುಗಿಸಲಾಗದು. ದಾನಶಾಸನದಲ್ಲಿ ಹೆಣ್ಣು ದಾನಿಯಾಗಿ, ನಾಡನ್ನಾಳುವವಳಾಗಿ ನಿಲ್ಲುತ್ತಾಳೆ. ಆದುದರಿಂದ ಯಾರ ಮಗಳು, ಯಾರ ಸಹೋದರಿ ಎಂಬುದನ್ನು ಹೇಳಲೇಬೇಕು. ವತನಿನ ಕಾಗದದಲ್ಲಿ ಆಕೆ ನಿಲ್ಲುವುದು ವಿಧವೆಯಾಗಿ ಮಾತ್ರ. ಅಲ್ಲಿ ಹೇಳಬೇಕಾದುದು ಯಾರ ಹೆಂಡತಿ ಎಂಬುದಷ್ಟೇ. ಅಮೆರಿಕದ ನ್ಯೂ ಇಂಗ್ಲೆಂಡಿನ ವಸಾಹತುಗಳಲ್ಲಿ ಬಾಳಿದ ಹೆಂಗಸರ ತವರನ್ನು ಅಲ್ಲಿಯ ವಂಶಶೋಧಕರು ಚರ್ಚಿನ ದೀಕ್ಷೆ ಮತ್ತು ಮದುವೆಯ ದಾಖಲೆಗಳಿಂದ, ತಂದೆ ಮಗಳಿಗೆ ಬರೆದಿಟ್ಟ ಮರಣಪತ್ರಗಳಿಂದ ಹುಡುಕಿ ತೆಗೆಯುತ್ತಾರೆ. ಮದುವೆಯ ನಂತರ ಹೆಸರೇ ಬದಲಾಗುವ ಆ ಸಮಾಜದಲ್ಲಿಯೂ ಹೆಣ್ಣಿನ ಪಾಲಿಗೆ ಬಂದ ಚಿಕ್ಕ ಆಸ್ತಿ ಆಕೆಯ ಹುಟ್ಟುಮನೆಯ ಕುರುಹನ್ನು ಉಳಿಸಿದೆ. ನಮ್ಮ ದೇಸಗತಿಗಳಲ್ಲಿ ಹೆಣ್ಣುಮಗಳಿಗೆ ವತನಿನಲ್ಲಿ ಪಾಲಿರಲಿಲ್ಲ. ತವರಿನ ಕಾಗದದಲ್ಲಿ ಹೆಸರು ಬರೆಯುವ ಕಾರಣವೂ ಇರಲಿಲ್ಲ.

ಕೋಟೆ ಬಿದ್ದ ಮೇಲೆ ಚೆನ್ನಮ್ಮ, ಸೊಸೆಯಂದಿರಾದ ವೀರಮ್ಮ ಮತ್ತು ಜಾನಕಿಬಾಯಿ ಬೈಲಹೊಂಗಲದಲ್ಲಿ ಸೆರೆಯಾಗಿದ್ದರು. ಮೂವರೂ ಹೊರಗಿನಿಂದ ಈ ಮನೆಗೆ ಬಂದವರು; ಮನೆತನದ ಹೆಸರನ್ನು ಹೊತ್ತು ಕೊನೆಯವರೆಗೆ ಉಳಿದವರೂ ಅವರೇ. ಚೆನ್ನಮ್ಮ ೧೮೨೯ರ ಫೆಬ್ರುವರಿಯಲ್ಲಿ ತೀರಿಕೊಂಡಳು. ಅದೇ ವರ್ಷ ಸಂಗೊಳ್ಳಿ ರಾಯಣ್ಣ ಬಂಡೆದ್ದಾಗ ಅವನು ಮುಂದಿಟ್ಟುಕೊಂಡ ಹೆಸರು ದತ್ತಕದ ಹುಡುಗ ಶಿವಲಿಂಗಪ್ಪನದು. ಕಂಪನಿ ಕಾಗದದ ಮೇಲೆ ಅಲ್ಲಗಳೆದ ಸಂಬಂಧವನ್ನು ರೈತರು, ಓಲೆಕಾರರು, ಶೇತಸನದಿಗಳು ಸತ್ಯವೆಂದು ಹಿಡಿದು ಅದಕ್ಕಾಗಿ ಪ್ರಾಣ ಕೊಟ್ಟರು. ರಾಯಣ್ಣನನ್ನು ೧೮೩೧ರ ಜನವರಿ ೨೬ರಂದು ನಂದಗಡದಲ್ಲಿ ಗಲ್ಲಿಗೇರಿಸಲಾಯಿತು. ಅವನನ್ನು ಕುರಿತ ಲಾವಣಿಯನ್ನು ಫ್ಲೀಟ್ ೧೮೮೦ರ ದಶಕದಲ್ಲಿ ಇಂಡಿಯನ್ ಆಂಟಿಕ್ವೆರಿಯಲ್ಲಿ ಪ್ರಕಟಿಸಿದನು. ವಂಶಾವಳಿಯನ್ನು ಕಾಯುವ ಕೆಲಸ ಅಷ್ಟರಲ್ಲಿ ಕಚೇರಿಯಿಂದ ಜಾತ್ರೆಯ ಹಾಡುಗಾರರಿಗೆ ಸಾಗಿಹೋಗಿತ್ತು. ೧೮೫೮ರಲ್ಲಿ, ಅಂದು ಸಂಸ್ಥಾನವಾಗಿದ್ದ ನರಗುಂದದ ಬಾಬಾಸಾಹೇಬ ದತ್ತಕಕ್ಕೆ ಒಪ್ಪಿಗೆ ಸಿಗದೆ ಬಂಡೆದ್ದಾಗ, ಕಿತ್ತೂರನ್ನು ಕಂಡಿದ್ದ ವೃದ್ಧರು ಈ ಸೀಮೆಯಲ್ಲಿ ಇನ್ನೂ ಬದುಕಿದ್ದಿರಬೇಕು.

ಚೆನ್ನಮ್ಮನ ಸಮಾಧಿ ಇರುವುದು ಬೈಲಹೊಂಗಲದಲ್ಲಿ. ಅದು ಆಕೆಯ ತವರೂ ಅಲ್ಲ, ಗಂಡನ ಮನೆಯೂ ಅಲ್ಲ. ಧಾರವಾಡದಲ್ಲಿ ಥ್ಯಾಕರೆ ಮತ್ತು ಅವನ ಜೊತೆಯವರ ನೆನಪಿನ ಕಲ್ಲುಕಂಬವಿದೆ. ಅದೇ ಊರಿನ ಉದ್ಯಾನಕ್ಕೆ, ಹುಬ್ಬಳ್ಳಿಯ ನಡುವೃತ್ತಕ್ಕೆ, ೨೦೧೦ರಲ್ಲಿ ಬೆಳಗಾವಿಯಲ್ಲಿ ಆರಂಭವಾದ ವಿಶ್ವವಿದ್ಯಾಲಯಕ್ಕೆ ಚೆನ್ನಮ್ಮನ ಹೆಸರಿದೆ. ಈ ಎಲ್ಲ ಕಡೆ ಆಕೆಯ ಹೆಸರಿನ ಹಿಂದೆ ಬರುವ ಊರು ಕಿತ್ತೂರು. ಕಾಕತಿಯವರು ಮಾತ್ರ ಆಕೆಯನ್ನು ಇಂದಿಗೂ ತಮ್ಮ ಊರಿನ ಮಗಳೆಂದು ಕರೆಯುತ್ತಾರೆ.